ಡೈರಿ ಗೋಡೆಗೆ ದುರ್ಯೋಧನ ಬಂದ

ಊರ ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡೋದು ಅಂತ ತೀರ್ಮಾನವಾದಾಗ ಹುಡುಗರೆಲ್ಲ ಒಂದೇ ಮಾತು ಹೇಳಿದರು. ‘ವಾಟ್ಸಾಪ್‌ಗೆ ಹಾಕಿದ್ರೆ ಸಾಕಲ್ವಾ ಅಣ್ಣ, ಪೋಸ್ಟರ್‌ಗೆ ಯಾಕೆ ದುಡ್ಡು ಸುರಿಯೋದು?’

ನಾನು ಒಪ್ಪಲಿಲ್ಲ. ನಮ್ಮ ಮಂಡ್ಯ ಕಡೆ ಪೌರಾಣಿಕ ನಾಟಕ ಅಂದರೆ ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಬೇಕು. ಪಾತ್ರ ದೊಡ್ಡದಾದಷ್ಟೂ ಖರ್ಚು ಜಾಸ್ತಿ. ಹಗಲು ಕಬ್ಬಿನ ಗದ್ದೆಯಲ್ಲಿ ದುಡಿದು, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ನಿಂತು ಕಂದಪದ್ಯ ಕಲಿಯುತ್ತಾರೆ. ಅಂಥವರ ಮುಖ ಊರ ಗೋಡೆ ಮೇಲೆ ಬರಲೇಬೇಕು ಅಂತ ಹಟ ಹಿಡಿದೆ. ಫ್ಲೆಕ್ಸ್ ಮಾತೂ ಬಂತು. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ, ಅದು ಬೇಡವೇ ಬೇಡ ಅಂದೆ.

ಮಂಡ್ಯದ ಪ್ರೆಸ್ಸಿನಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುವ ಹಳೇ ಆಫ್‌ಸೆಟ್ ಮಿಷನ್. ಕಾಗದ ಡಬಲ್ ಕ್ರೌನ್, ಅಂದರೆ 20 ಇಂಚು ಅಗಲ, 30 ಇಂಚು ಉದ್ದ. ಹಳದಿ, ಕೆಂಪು, ನೀಲಿ, ಕಪ್ಪು, ನಾಲ್ಕಕ್ಕೂ ಬೇರೆ ಬೇರೆ ಪ್ಲೇಟು. ಮಿಷನ್ ನಡೆಸುವವರು ಒಂದು ಹಾಳೆ ಎಳೆದು ಭೂತಗನ್ನಡಿ ಕೊಟ್ಟರು. ಶಕುನಿಯ ಕೆನ್ನೆ ತುಂಬ ಬಣ್ಣದ ಚುಕ್ಕಿ, ಅವೇ ಸೇರಿ ಚಿತ್ರ! ಭೀಮನ ಗದೆಯ ಪಕ್ಕ ಮಾತ್ರ ಕೂದಲೆಳೆಯಷ್ಟು ಕೆಂಪು ಗೆರೆ ಹೊರಗಿತ್ತು. ‘ರಿಜಿಸ್ಟರ್ ಕೂತಿಲ್ಲ’, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಅಂತ ಮಿಷನ್ ನಿಲ್ಲಿಸಿ, ಸರಿ ಮಾಡಿ, ಮತ್ತೆ ಓಡಿಸಿದರು. ಹಳ್ಳಿ ನಾಟಕದ ಪೋಸ್ಟರ್ ತಾನೇ ಅಂತ ಸುಮ್ನೆ ಬಿಡಲಿಲ್ಲ. ಆ ಮರ್ಯಾದೆ ನನಗೆ ತುಂಬಾ ದೊಡ್ಡದು ಅನಿಸಿತು.

ಮನೆಯಲ್ಲಿ ಅಮ್ಮ ಮೈದಾ ಅಂಟು ಕಾಯಿಸಿಕೊಟ್ಟರು. ಹುಳ ಹಿಡಿಯದಿರಲಿ ಅಂತ ಚೂರು ಮೈಲುತುತ್ತ ಸೇರಿಸಿದೆವು. ಸಿಕ್ಕ ಸಿಕ್ಕ ಕಡೆ ಅಂಟಿಸುವ ಹಾಗಿಲ್ಲ, ಸಾರ್ವಜನಿಕ ಜಾಗ ಅಂದಗೆಡಿಸಬಾರದು ಅಂತ 1981ರ ಕಾಯ್ದೆಯೇ ಇದೆ. ಹಾಗಾಗಿ ಟೀ ಅಂಗಡಿ, ಸಲೂನು, ಹಿಟ್ಟಿನ ಗಿರಣಿ ಅಂತ ಒಬ್ಬೊಬ್ಬರನ್ನೂ ಕೇಳಿಕೊಂಡು ಹೋದೆವು. ಕೊನೆಗೆ ಹಾಲಿನ ಡೈರಿ.

ಸಂಜೆ ಹಾಲು ಹಾಕುವ ಹೊತ್ತು. ಗೋಡೆಗೊಂದು ಕೈ ಅಂಟು ಬಳಿದು, ಕಾಗದ ಒತ್ತಿ, ಮೇಲೊಂದು ಕೈ ಸವರುವಷ್ಟರಲ್ಲಿ ಕ್ಯಾನ್ ಹಿಡಿದ ಸಾಲೇ ಇತ್ತ ತಿರುಗಿತು. ಅಕ್ಷರ ಬಾರದ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಒಂದೊಂದು ಹೆಸರೂ ಓದಿಸಿದರು. ‘ಇವ್ನ್ಯಾರ್ಲಾ ಕರ್ಣ? ನಮ್ ಕೆಳಗಲ್ ಮನೆಯೋನಾ?’ ಅಂತ ಒಬ್ಬರು. ಹಿಂದೆ ದುರ್ಯೋಧನ ಮಾಡಿದವರಲ್ಲಿ ಯಾರ ಗಂಟಲು ಚೆನ್ನಾಗಿತ್ತು ಅಂತ ಇಬ್ಬರಿಗೆ ಜಗಳವೇ ಹತ್ತಿತು. ಇದೇ ಚಿತ್ರ ವಾಟ್ಸಾಪ್ ಗ್ರೂಪಿಗೆ ಬಂದಾಗ ನಾಲ್ಕು ಹೆಬ್ಬೆಟ್ಟು ಬಿದ್ದು, ಅದರ ಮೇಲೆ ಶುಭೋದಯದ ಹೂವು ಬಂದು ಕೂತಿತ್ತು. ಗ್ರೂಪಿನಲ್ಲಿ ಇಲ್ಲದವರಿಗೆ ಅದೂ ಇಲ್ಲ. ಗೋಡೆ ಮುಂದೆ ಮಾತ್ರ ಎಲ್ಲರೂ ಒಟ್ಟಿಗೆ ನಿಂತು ನೋಡಿದರು, ಒಟ್ಟಿಗೆ ಮಾತಾಡಿದರು. ಇದಕ್ಕೇ ನಾನು ಹಟ ಹಿಡಿದದ್ದು.

ಹಳೇ ಪ್ರೇಕ್ಷಕರೊಬ್ಬರು ಫೋಟೋಗಳ ಕಡೆ ಕಣ್ಣೂ ಹಾಯಿಸದೆ ನೇರ ಕೆಳಗಿನ ಸಾಲಿಗೆ ಬೆರಳಿಟ್ಟರು.

‘ಮೇಷ್ಟ್ರು ಯಾರು? ಸೀನರಿ ಯಾರ್ದು?’

ಹೇಳಿದೆ.

‘ಹಂಗಾದ್ರೆ ಬೆಳಗಿನ ಗಂಟ ಕೂರ್ಬೋದು ಬುಡು. ಇನ್ನೊಂದು ಕೊಡಪ್ಪ, ಮಗಳ ಊರ್ಗೆ ಹೋಯ್ತಾ ಇವ್ನಿ. ಅಲ್ಲಿ ಡೈರಿಗೂ ಅಂಟುಸ್ತೀನಿ.’

ಅಂಟಿನ ಡಬ್ಬಿಯಲ್ಲಿ ಉಳಿದಿದ್ದನ್ನೂ ಕೊಟ್ಟು ಕಳಿಸಿದೆ.