ಇವತ್ತಿನ ಪಾಲು

ಈ ವರ್ಷ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುತ್ತೇನೆ ಅಂತ ಜನವರಿ ಒಂದಕ್ಕೆ ಆದಿಕಾಂಡ ತೆರೆದವರಲ್ಲಿ ಎಷ್ಟೋ ಜನ ನಿಂತುಹೋಗುವುದು ಒಂದೇ ಜಾಗದಲ್ಲಿ. ಪ್ರೊಟೆಸ್ಟೆಂಟ್ ಸತ್ಯವೇದದ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ, ವರ್ಷಕ್ಕೆ ಮುಗಿಯಬೇಕೆಂದರೆ ದಿನಕ್ಕೆ ಮೂರೋ ನಾಲ್ಕೋ ಓದಬೇಕು. ಯೋಸೇಫನ ಕಥೆ, ಕೆಂಪು ಸಮುದ್ರ ಎಲ್ಲ ಸಲೀಸಾಗಿ ದಾಟುತ್ತೇವೆ. ವಿಮೋಚನಕಾಂಡ 25ಕ್ಕೆ ಬಂದರೆ ದೇವರ ಆರಾಧನೆಗೆ ಕಟ್ಟಿದ ಗುಡಾರದ ಅಳತೆ ಶುರು. ಪರದೆ ಎಷ್ಟು ಮೊಳ, ಕೊಂಡಿ ಎಷ್ಟು, ಗೂಟ ಯಾವ ಲೋಹದ್ದು. ಮುಗಿಯಿತು ಅನ್ನುವಷ್ಟರಲ್ಲಿ ಕೊನೆಯ ಅಧ್ಯಾಯಗಳಲ್ಲಿ ಅದೇ ಗುಡಾರ ಮತ್ತೊಮ್ಮೆ, ಅದರ ಬೆನ್ನಿಗೇ ಯಾಜಕಕಾಂಡದ ಯಜ್ಞಗಳು. ಇಲ್ಲೇ ಎಲ್ಲೋ ಒಂದು ದಿನ ತಪ್ಪುತ್ತದೆ. ಮರುದಿನಕ್ಕೆ ಏಳೆಂಟು ಅಧ್ಯಾಯ ಬಾಕಿ. ಅದರ ಮರುದಿನ ಪುಸ್ತಕ ಕಂಡರೇ ಒಂಥರಾ ಮುಜುಗರ, ಸಾಲ ಕೊಟ್ಟವರು ಎದುರಿಗೆ ಸಿಕ್ಕ ಹಾಗೆ.

ಅಭ್ಯಾಸ ಕೆಡುವುದು ಸೋಮಾರಿತನದಿಂದ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಬಾಕಿ ಲೆಕ್ಕದಿಂದಲೇ ಜಾಸ್ತಿ ಕೆಡುತ್ತದೆ.

ಅದೇ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನದ ಪ್ರಸಂಗವಿದೆ, ಅಂದರೆ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ. ಬೆಳಿಗ್ಗೆ ಎದ್ದು ಪ್ರತಿಯೊಬ್ಬರೂ ಅವತ್ತಿಗೆ ಬೇಕಾದಷ್ಟು ಕೂಡಿಸಿಕೊಳ್ಳಬೇಕು. ನಾಳೆಗೂ ಇರಲಿ ಅಂತ ಕೆಲವರು ಎತ್ತಿಟ್ಟರು, ಅದು ಹುಳ ಬಿದ್ದು ನಾರಿತು, ಮೋಶೆಗೆ ಸಿಟ್ಟು ಬಂತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು. ಆದರೆ ನಿನ್ನೆ ಕೂಡಿಸದವನು ಇವತ್ತು ಎರಡರಷ್ಟು ಕೂಡಿಸಿ ಸರಿಮಾಡಿಕೊಳ್ಳಲಿ ಎಂಬ ಮಾತು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ, ಅಲ್ವಾ? ಹಾಗಾಗಿ ನಿನ್ನೆಯದು ತಪ್ಪಿದ್ದರೆ ಬಿಟ್ಟುಬಿಡಿ. ಇವತ್ತಿನದು ಓದಿ.

1842ರಲ್ಲಿ ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ ತಮ್ಮ ಸಭೆಯವರಿಗೆ ಒಂದು ಓದುಪಟ್ಟಿ ಮಾಡಿಕೊಟ್ಟರು. ವರ್ಷದಲ್ಲಿ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಇವತ್ತಿಗೂ ಜನ ಅದನ್ನು ಬಳಸುತ್ತಾರೆ. ನನಗೆ ಇಷ್ಟವಾದದ್ದು ಪಟ್ಟಿಗಿಂತ ಅದರ ಜೊತೆ ಅವರು ಬರೆದ ಎಚ್ಚರಿಕೆ: ಓದು ಬರೀ ಶಾಸ್ತ್ರಕ್ಕೆ ಆಗಬಹುದು, ಇವತ್ತಿನ ಪಾಲು ಮುಗಿಸಿದೆ ಅನ್ನುವ ಹೆಮ್ಮೆ ಬರಬಹುದು, ಗಮನವಿಲ್ಲದೆ ಓದಿಕೊಂಡು ಹೋಗಬಹುದು, ಕೆಲವರಿಗೆ ಹೊರಲಾಗದ ನೊಗವೇ ಆಗಬಹುದು. ಆ್ಯಪುಗಳಲ್ಲಿ ದಿನ ಎಣಿಸುವ ಸ್ಟ್ರೀಕ್ ಇದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹೊಸದಾಗಿ ಶುರುಮಾಡುವವರು ಮಾರ್ಕನ ಸುವಾರ್ತೆಯಿಂದ ಶುರುಮಾಡಲಿ. ಹದಿನಾರೇ ಅಧ್ಯಾಯ. ದಿನಕ್ಕೆ ಒಂದು ಪ್ರಸಂಗ ಸಾಕು, ಆದರೆ ನಿಧಾನಕ್ಕೆ. ಬಿರುಗಾಳಿ ಎದ್ದು ದೋಣಿಗೆ ನೀರು ತುಂಬುತ್ತಿರುವ ಕಥೆಯನ್ನು ಮತ್ತಾಯನೂ ಲೂಕನೂ ಹೇಳಿದ್ದಾರೆ, ಆದರೆ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದ ಅಂತ ಬರೆದವನು ಮಾರ್ಕನೊಬ್ಬನೇ. ದಿಂಬು! ಅಷ್ಟು ದಣಿದಿದ್ದ ಕರ್ತನು ಅಲೆಗಳ ಸದ್ದಿಗೆ ಏಳಲಿಲ್ಲ, ಶಿಷ್ಯರು ಎಬ್ಬಿಸಿದಾಗ ಎದ್ದ. ಆ ಒಂದು ದಿಂಬಿನ ಹತ್ತಿರ ನಿಂತು ಐದು ನಿಮಿಷ ಪ್ರಾರ್ಥನೆ ಮಾಡಬಹುದು. ನಾಲ್ಕು ಅಧ್ಯಾಯ ಓಡಿಸುವವನಿಗೆ ಅದು ಕಣ್ಣಿಗೂ ಬೀಳುವುದಿಲ್ಲ.

ಬೆಳಿಗ್ಗೆಯೇ ಓದಬೇಕೇ? ಆಗುವವರಿಗೆ ಒಳ್ಳೆಯದು. ಆದರೆ ಆದಿಕಾಂಡದಲ್ಲಿ ಅಬ್ರಹಾಮನ ಮಗ ಇಸಾಕ ಧ್ಯಾನಕ್ಕೆ ಹೊಲಕ್ಕೆ ಹೋದದ್ದು ಸಂಜೆ. ರಾತ್ರಿ ಪಾಳಿ ಮುಗಿಸಿ ಬಂದವರು, ಕೂಸು ಮಲಗಿದಾಗಷ್ಟೇ ಬಿಡುವು ಸಿಗುವ ತಾಯಂದಿರು ಸುಮ್ನೆ ನೊಂದುಕೊಳ್ಳುವುದು ಬೇಡ. ಹೊತ್ತು ಯಾವುದಾದರೂ ಇರಲಿ, ದಿನಾ ಅದೇ ಇರಲಿ. ಮನಸ್ಸೇ ಇಲ್ಲದ ದಿನ 117ನೇ ಕೀರ್ತನೆ ಓದಿ, ಎರಡೇ ವಚನ. ಅವತ್ತೇ 119 ತೆರೆಯಬೇಡಿ, ಅದರಲ್ಲಿ 176 ಇವೆ.

ಅರ್ಥವಾಗದ ಭಾಗ ಬಂದರೆ ಅಪೊಸ್ತಲರ ಕೃತ್ಯಗಳು 8ರ ಐಥಿಯೋಪ್ಯದ ಅಧಿಕಾರಿಯನ್ನು ನೋಡಿ. ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ. ತಿಳಿಯುತ್ತಿದೆಯೇ ಅಂತ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಕೇಳಿದರೆ, ಯಾರಾದರೂ ಹೇಳಿಕೊಡದೆ ಹೇಗೆ ತಿಳಿದೀತು ಅಂದುಬಿಟ್ಟ. ರಥಕ್ಕೆ ಹತ್ತಿಸಿಕೊಂಡು, ಪ್ರವಾದಿ ಯಾರ ವಿಷಯ ಹೇಳುತ್ತಿದ್ದಾನೆ, ತನ್ನದೋ ಬೇರೆಯವರದೋ ಅಂತ ನೇರವಾಗಿ ಕೇಳಿದ. ಅವನ ಹತ್ತಿರ ಪ್ರಶ್ನೆ ತಯಾರಿತ್ತು. ನೀವೂ ಅಂಚಿನಲ್ಲಿ ಪೆನ್ಸಿಲ್‌ನಿಂದ ಪ್ರಶ್ನೆ ಬರೆದಿಡಿ, ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರನ್ನೋ ಜೊತೆಗೆ ಓದುವ ಗೆಳೆಯರನ್ನೋ ಹಿಡಿದು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಆ ಅಧ್ಯಾಯವನ್ನು ಇನ್ನೊಂದು ಸಲ ಓದಿ.