ಎಸ್ಕಲಾಂಟೆ ಕಣಿವೆಗಳಿಗೆ ಹಳೇ ನಕ್ಷೆ ಹಿಡಿದು ಹೋಗುವವರಿಗೆ

ಅಮೆರಿಕದ ಯೂಟಾದಲ್ಲಿ ಎಸ್ಕಲಾಂಟೆ ನದಿಯ ಕಣಿವೆಗಳಿಗೆ ಚಾರಣ ಹೋಗುವಿರಾದರೆ ಅಮೆರಿಕ ಸರ್ಕಾರದ ಭೂಸರ್ವೇಕ್ಷಣಾ ಸಂಸ್ಥೆಯಾದ ಯುಎಸ್‌ಜಿಎಸ್‌ನ 1950ರ ದಶಕದ ನಕ್ಷೆಯನ್ನೂ ಇಟ್ಟುಕೊಳ್ಳಿ. ಅವರ ಟೋಪೋವ್ಯೂ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿತು. ಆಮೇಲಿನ ನಕ್ಷೆಗಳಲ್ಲಿ ಎಸ್ಕಲಾಂಟೆ ನದಿಯ ಕೆಳಭಾಗ ಆ ಅಣೆಕಟ್ಟಿನ ಜಲಾಶಯವಾದ ಲೇಕ್ ಪೊವೆಲ್‌ನ ನೀಲಿ ಬಣ್ಣದಡಿ ಹೋಯಿತು. ಮುಳುಗಡೆಗೆ ಮುಂಚಿನ ತಿರುವುಗಳು, ಪಕ್ಕದ ಸೀಳು ಕಣಿವೆಗಳು ಕಾಣುವುದು ಹಳೇ ನಕ್ಷೆಯಲ್ಲೇ. ಈಚೆಗೆ ನೀರು ಇಳಿದು ಕೆಲವು ಜಾಗಗಳು ಮತ್ತೆ ಹೊರಬಂದಿವೆ. ಆದರೆ ತಳದಲ್ಲಿ ಹೂಳು ತುಂಬಿರುತ್ತದೆ, ಕಾಲು ಹೂತುಕೊಳ್ಳುವ ಮರಳೂ ಇರುತ್ತದೆ.

ಎತ್ತರದ ಗೆರೆಗಳನ್ನು ಓದುವುದನ್ನು ಮನೆಯಲ್ಲೇ ಕಲಿತು ಹೋಗಿ. ಎರಡು ಗೆರೆಗಳ ನಡುವೆ 40 ಅಡಿ ಲೆಕ್ಕವಿದ್ದರೆ, 30 ಅಡಿಯ ನೆಟ್ಟಗಿನ ಬಂಡೆ ಆ ನಡುವೆಯೇ ಅಡಗಿಬಿಡಬಹುದು. ನಕ್ಷೆಯಲ್ಲಿ ಅದು ಮೆಲ್ಲನೆಯ ಇಳಿಜಾರಿನಂತೆ ಕಾಣುತ್ತದೆ. ಕಯೋಟಿ ಗಲ್ಚ್ ಕಣಿವೆಯ ಅಂಚಲ್ಲಿ ನಿಂತು ಕೆಳಗೆ ನೋಡಿದಾಗ ಈ ಮಾತಿನ ತೂಕ ಗೊತ್ತಾಗುತ್ತದೆ. ಹಗ್ಗವಿಲ್ಲದೆ ಇಳಿಯಬಹುದೇ ಅನ್ನುವುದನ್ನು ನಕ್ಷೆ ಹೇಳುವುದಿಲ್ಲ. ಅದನ್ನು ಎಸ್ಕಲಾಂಟೆ ಊರಿನ ಮಾಹಿತಿ ಕೇಂದ್ರದಲ್ಲಿ ರೇಂಜರ್‌ಗಳನ್ನು ಕೇಳಿ. ಮೊದಲ ಸಲ ಹೋಗುವವರಿಗೆ ಹರಿಕೇನ್ ವಾಶ್ ಎಂಬ ಒಣ ಹಳ್ಳದ ದಾರಿಯೇ ಒಳ್ಳೆಯದು. ಕಯೋಟಿ ಗಲ್ಚ್‌ನ ಜೇಕಬ್ ಹ್ಯಾಂಬ್ಲಿನ್ ಎಂಬ ಬಂಡೆಯ ಕಮಾನಿನವರೆಗೆ ನಡೆದೇ ಹೋಗಬಹುದು. ಬಿಸಿಲಲ್ಲಿ ಬೆಂದು ಬಂದವರಿಗೆ ಆ ಕಮಾನಿನ ನೆರಳು ದೊಡ್ಡ ಸುಖ.

ದಿಕ್ಸೂಚಿಯ ವಿಷಯ ಮರೆಯಬೇಡಿ. ಹಳೇ ನಕ್ಷೆಯ ಅಂಚಲ್ಲಿ ಅಯಸ್ಕಾಂತದ ಉತ್ತರ ನಿಜವಾದ ಉತ್ತರಕ್ಕಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ ಎಂದಿರುತ್ತದೆ. ಈಗ ಅದು ಸುಮಾರು 10. ಹಳೇ ಅಂಕಿಯನ್ನೇ ನಂಬಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ 80 ಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಸರಿದಿರುತ್ತೀರಿ. ಜಿಪಿಎಸ್‌ನಲ್ಲಿಯೂ ಎನ್‌ಎಡಿ27 ಎಂಬ ಹಳೇ ಅಳತೆಯನ್ನು ಆರಿಸಿ. ಇಲ್ಲದಿದ್ದರೆ ಜಾಗವನ್ನು ಮೀಟರ್‌ಗಳಲ್ಲಿ ಗುರುತಿಸುವ ಯುಟಿಎಂ ಅಂಕಿಗಳು ಹಳೇ ನಕ್ಷೆಗೆ ಹೋಲಿಸಿದರೆ ಸುಮಾರು 200 ಮೀಟರ್ ತಪ್ಪುತ್ತವೆ. ಕಿರಿದಾದ ಕಣಿವೆಯಲ್ಲಿ ಇಷ್ಟು ಸಾಕು, ಪಕ್ಕದ ಸೀಳಿಗೆ ಹೊಕ್ಕಿರುತ್ತೀರಿ.

ನಕ್ಷೆಯಲ್ಲಿ ಬುಗ್ಗೆಯ ಗುರುತಿದೆ ಎಂದು ನೀರು ಕಡಿಮೆ ಒಯ್ಯಬೇಡಿ. ಒಬ್ಬರಿಗೆ ದಿನಕ್ಕೆ 4 ಲೀಟರ್ ಆದರೂ ಬೇಕು. ಈ ಕಣಿವೆಗಳ ಕಡೆಗೆ ಹೋಗುವ ಹೋಲ್ ಇನ್ ದ ರಾಕ್ ರಸ್ತೆ ಮಣ್ಣಿನದು, ಮಳೆ ಬಂದರೆ ಕಾರು ಸಿಕ್ಕಿಕೊಳ್ಳುತ್ತದೆ. ರಾತ್ರಿ ತಂಗಲು ಪರವಾನಗಿ ಬೇಕು. ಕಯೋಟಿ ಗಲ್ಚ್‌ನಲ್ಲಿ ಮಲವನ್ನೂ ಚೀಲದಲ್ಲಿ ಹೊತ್ತು ತರಬೇಕು.

ಏಪ್ರಿಲ್-ಮೇ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೂರದಲ್ಲೆಲ್ಲೋ ಸುರಿದ ಮಳೆ ಇಲ್ಲಿಗೆ ದಿಢೀರ್ ಪ್ರವಾಹವಾಗಿ ಬರುತ್ತದೆ. ಆಗ ಸೀಳು ಕಣಿವೆಗಳಿಗೆ ಇಳಿಯಲೇಬೇಡಿ.