ಯಾವುದಕ್ಕೆ ಡಿಮ್ಯಾಂಡ್ ಇದೆ ಚಿಕ್ಕಪ್ಪ?

ಅಣ್ಣನ ಮಗಳು ಮೊನ್ನೆ ರಾತ್ರಿ ಮೆಸೇಜ್ ಹಾಕಿದ್ಲು, "ಚಿಕ್ಕಪ್ಪ, ಈಗ ಯಾವ ಕೋರ್ಸಿಗೆ ಡಿಮ್ಯಾಂಡ್ ಜಾಸ್ತಿ ಇದೆ ಹೇಳಿ, ಅದನ್ನೇ ತಗೋತೀನಿ" ಅಂತ. ಒಂದೇ ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಒಂದು ಪ್ರೆಸ್ಸಲ್ಲಿ, ಡಿಟಿಪಿ ಆಪರೇಟರ್ ಆಗಿ, ಅಂದ್ರೆ ಕಂಪ್ಯೂಟರಲ್ಲಿ ಅಕ್ಷರ ಹೊಡೆದು ಪುಟ ಕಟ್ಟೋ ಕೆಲಸ. ಪಕ್ಕದ ಟೇಬಲ್ಲಲ್ಲಿ ಕೂರ್ತಿದ್ದ ಹಿರಿಯರೊಬ್ಬರು ಅದಕ್ಕೂ ಮುಂಚೆ ಮೊಳೆ ಜೋಡಿಸೋರು, ಅಂದ್ರೆ ಸೀಸದ ಅಕ್ಷರಗಳನ್ನ ಗೂಡಿಂದ ಒಂದೊಂದೇ ಆರಿಸಿ ಎಡಗೈಯಲ್ಲಿ ಹಿಡಿದ ಪಟ್ಟಿಯೊಳಗೆ ತಲೆಕೆಳಗಾಗಿ ಕೂರಿಸ್ತಾ ಹೋಗೋ ಕೆಲಸ. 1985ರಲ್ಲಿ ಪುಟ ಕಟ್ಟೋ ಸಾಫ್ಟ್‌ವೇರ್ ಪೇಜ್‌ಮೇಕರ್ ಬಂತು, ಅದೇ ವರ್ಷ ಆಪಲ್‌ನ ಲೇಸರ್ ಪ್ರಿಂಟರೂ ಬಂತು, ಮುಂದೆ ಒಂದೊಂದೇ ಪ್ರೆಸ್ಸಲ್ಲಿ ಮೊಳೆ ಗೂಡುಗಳು ಮೂಲೆ ಸೇರಿದ್ವು. ಅವರ ಬೆರಳಿನ ಸ್ಪೀಡಿಗೆ ಇದ್ದ ಬೆಲೆ ಹೋಯ್ತು, ಆದ್ರೆ ಕಣ್ಣಿಗಿದ್ದ ಬೆಲೆ ಹೋಗ್ಲಿಲ್ಲ ನೋಡಿ. ನಾನು ಮೂರು ಸಲ ಓದಿ ಸರಿ ಇದೆ ಅಂದಿದ್ದ ಪುಟನ ಅವರು ಉಲ್ಟಾ ಹಿಡ್ಕೊಂಡು, ಹೌದು ಉಲ್ಟಾನೇ, ಹಳೇ ಅಭ್ಯಾಸ, "ಹದಿನಾಲ್ಕನೇ ಸಾಲಲ್ಲಿ ಒತ್ತು ಬಿಟ್ಟೋಗಿದೆ ಕಣೋ" ಅಂತಿದ್ರು. ಕೊನೆವರೆಗೂ ಪ್ರೂಫ್ ನೋಡ್ಕೊಂಡು ಅಲ್ಲೇ ಇದ್ರು. 'ಫುಲ್ ಡಿಮ್ಯಾಂಡ್ ಇರೋ' ಕೆಲಸ ಕಲ್ತು ಬಂದ ನಾನು ಏಳೆಂಟು ವರ್ಷಕ್ಕೆ ಖಾಲಿ ಕೈ, ಯಾಕಂದ್ರೆ ಬರೆಯೋರೇ ತಮ್ಮ ಪುಟ ತಾವೇ ಕಟ್ಕೊಳೋಕೆ ಶುರು ಮಾಡಿದ್ರು.

ಮಷಿನ್ ಬಂತು ಅಂದ್ರೆ ಒಂದಿಡೀ ಕೆಲಸ ಎದ್ದು ಹೋಗುತ್ತೆ ಅಂತ ನಾವು ಅನ್ಕೋತೀವಿ, ಹಾಗೆ ಆಗೋದು ಅಪರೂಪ. 1950ರ ಅಮೆರಿಕದ ಜನಗಣತಿಯಲ್ಲಿದ್ದ ಸುಮಾರು 270 ಕಸುಬುಗಳ ಪಟ್ಟಿನ ಜೇಮ್ಸ್ ಬೆಸನ್ ಅನ್ನೋ ಅರ್ಥಶಾಸ್ತ್ರಜ್ಞರು ತೆಗೆದು ನೋಡಿದ್ರೆ, ಆಟೊಮೇಷನ್ನಿಂದಾನೇ ಪೂರ್ತಿ ಅಳಿಸಿಹೋಗಿದ್ದು ಒಂದೇ ಒಂದು, ಲಿಫ್ಟ್ ಆಪರೇಟರ್. ಉಳಿದವು ಒಳಗೊಳಗೇ ಬದಲಾದವು, ಹೆಸರು ಅದೇ, ದಿನವಿಡೀ ಮಾಡೋ ಕೆಲಸ ಬೇರೆ.

ಬ್ಯಾಂಕ್ ಕ್ಯಾಶಿಯರ್ ಕಥೆ ನಂಗೆ ಇದಕ್ಕಿಂತ ಇಷ್ಟ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಮೊದಲ ಎಟಿಎಂ ಇಟ್ಟಿತು, ದುಡ್ಡು ಎಣಿಸಿ ಕೊಡೋದಕ್ಕೇ ಮಷಿನ್ ಬಂದ್ಮೇಲೆ ಕೌಂಟರಲ್ಲಿ ಮನುಷ್ಯ ಯಾಕೆ ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಅಮೆರಿಕದಲ್ಲಿ 1988ರಿಂದ 2004ರೊಳಗೆ ಸಿಟಿ ಬ್ರಾಂಚೊಂದಕ್ಕೆ ಬೇಕಿದ್ದ ಕ್ಯಾಶಿಯರ್‌ಗಳು ಸರಾಸರಿ 20ರಿಂದ 13ಕ್ಕೆ ಇಳಿದ್ರು, ಬ್ರಾಂಚ್ ನಡೆಸೋ ಖರ್ಚು ಕಮ್ಮಿ ಆಯ್ತು, ಅದಕ್ಕೇ ಬ್ಯಾಂಕ್‌ಗಳು ಇನ್ನಷ್ಟು ಬ್ರಾಂಚ್ ತೆರೆದ್ವು, ಒಟ್ಟು ಲೆಕ್ಕದಲ್ಲಿ ಕ್ಯಾಶಿಯರ್‌ಗಳು ಕಮ್ಮಿ ಆಗ್ಲೇ ಇಲ್ಲ. ನೋಟು ಎಣಿಸೋದು ಹೋಗಿ ಗಿರಾಕಿ ಹತ್ರ ಮಾತಾಡಿ ಲೋನ್ ಗೀನ್ ಹೇಳೋದು ಮುಖ್ಯ ಆಯ್ತು. ಆಮೇಲೆ ಮೊಬೈಲ್ ಬಂತು, ಜನ ಬ್ರಾಂಚಿಗೆ ಬರೋದೇ ಬಿಟ್ರು, ಆಗ ನಿಜವಾಗ್ಲೂ ಇಳೀತು. ಎಲ್ಲರೂ ಹೆದರಿದ್ದ ಮಷಿನ್ ಅಲ್ಲ, ಯಾರೂ ಲೆಕ್ಕಕ್ಕೇ ತಗೊಳ್ದೇ ಇದ್ದದ್ದು ಹೊಡೀತು.

ಭವಿಷ್ಯ ಹೇಳೋ ದೊಡ್ಡೋರೂ ಎಡವ್ತಾರೆ. 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್, ಹೌದು ಆಮೇಲೆ 2024ರಲ್ಲಿ ನೊಬೆಲ್ ತಗೊಂಡವರೇ, ಇನ್ನು ಆ ಕೆಲಸ ಎಐ ಮಾಡುತ್ತೆ, ಸ್ಕ್ಯಾನ್ ಓದೋ ಡಾಕ್ಟರುಗಳಾದ ರೇಡಿಯಾಲಜಿಸ್ಟ್‌ಗಳಿಗೆ ಟ್ರೇನಿಂಗ್ ಕೊಡೋದನ್ನ ಈಗ್ಲೇ ನಿಲ್ಲಿಸಿಬಿಡಿ ಅಂದಿದ್ರು. ಆ ಮಾತು ನಂಬಿ ನಿಲ್ಲಿಸಿದ್ದಿದ್ರೆ ಇವತ್ತು ಸ್ಕ್ಯಾನ್ ರಿಪೋರ್ಟಿಗೆ ಇನ್ನೂ ಎಷ್ಟು ಕಾಯ್ಬೇಕಿತ್ತೋ! ಸ್ಕ್ಯಾನ್ ನೋಡೋದು ಆ ಡಾಕ್ಟರ ಕೆಲಸದಲ್ಲಿ ಒಂದು ಭಾಗ ಅಷ್ಟೇ, ಜೊತೆಗೆ ಸ್ಕ್ಯಾನ್ ಮಾಡೋದು ಸುಲಭ ಆದಷ್ಟೂ ಬೇರೆ ಡಾಕ್ಟರುಗಳು ಸ್ಕ್ಯಾನ್ ಮಾಡಿಸಿ ಅಂತ ಬರೆದುಕೊಡೋದೂ ಜಾಸ್ತಿ ಆಗುತ್ತೆ.

ಇನ್ನೊಂದು, ಇದು ನಂಗೆ ಸಿಟ್ಟು ಬರಿಸೋ ವಿಷ್ಯ, ಡಿಮ್ಯಾಂಡ್ ಇದ್ರೆ ಸಂಬಳಾನೂ ಬರುತ್ತೆ ಅನ್ನೋದು. ವಯಸ್ಸಾದವರನ್ನ ಮನೇಲಿ ನೋಡ್ಕೊಳೋರು ಅಮೆರಿಕದಲ್ಲಿ ಮುಂದೆ ಅತಿ ಹೆಚ್ಚು ಸಂಖ್ಯೆಯಲ್ಲಿ ಬೇಕಾಗ್ತಾರೆ ಅಂತ ಅಲ್ಲಿನ ಸರ್ಕಾರದ ಲೆಕ್ಕಾನೇ ಹೇಳುತ್ತೆ, ಸಂಬಳ ನೋಡಿದ್ರೆ ಕೆಳಗಿನ ಸಾಲಲ್ಲಿ. ಎತ್ತಿ ಕೂರಿಸೋದು, ಸ್ನಾನ ಮಾಡಿಸೋದು, ರಾತ್ರಿಯೆಲ್ಲ ಎದ್ದಿರೋದು ಯಾವ ಮಷಿನ್ನಿಗೂ ಸರಿಯಾಗಿ ಬರಲ್ಲ, ಆದ್ರೂ.

ಮಗು ಕೇಳಿದ ಪ್ರಶ್ನೆಗೆ ಬರೋಣ. ಇವತ್ತು ಡಿಮ್ಯಾಂಡ್ ಅಂತ ಎಲ್ಲರೂ ನುಗ್ಗಿ ಸೇರಿದ್ರೆ ನಾಲ್ಕು ವರ್ಷ ಆದ್ಮೇಲೆ ಎಲ್ಲರೂ ಒಟ್ಟಿಗೇ ಹೊರಗೆ ಬರ್ತಾರೆ, ಆಗ ಸಂಬಳ ಬೀಳುತ್ತೆ, ಅದನ್ನ ನೋಡಿ ಮುಂದಿನ ಬ್ಯಾಚ್ ಬೇರೆ ಕಡೆ ಹೋಗುತ್ತೆ, ಮತ್ತೆ ಕೊರತೆ. 1970ರ ದಶಕದಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ ಎಂಜಿನಿಯರುಗಳ ಲೆಕ್ಕ ಹಿಡ್ಕೊಂಡು ಈ ಏರಿಳಿತ ತೋರಿಸಿದ್ರು.

ಇಷ್ಟೆಲ್ಲ ಬರೆದು ಅವಳಿಗೆ ಕಳಿಸಿದ್ದು ಮಾತ್ರ ಎರಡೇ ಪ್ರಶ್ನೆ: ಆ ಕೆಲಸ ಮಾಡೋರು ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡ್ತಾರೆ ಅಂತ ಯಾರನ್ನಾದ್ರೂ ಕೂತು ಕೇಳಿದ್ಯಾ, ಅದ್ರಲ್ಲಿ ನಿಂಗೆ ಬೇಜಾರಾಗದೆ ಇರೋದು ಯಾವ್ದು? ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.